ಏರಿಯ ಕೆಳಗಿನ ಹನ್ನೊಂದು ಮನೆ

ಮಳೆ ನಿಂತು ಮೂರು ದಿನವಾಗಿತ್ತು. ಕಟ್ಟೆಯ ನೀರು ಮಾತ್ರ ಒಂದು ಬೆರಳೂ ಇಳಿದಿರಲಿಲ್ಲ.

ಆಶ್ರಮದ ಮಗ್ಗುಲಲ್ಲೇ ಆ ಕಟ್ಟೆ. ಮೇಲಿನ ಬೀದಿಯ ಮಳೆನೀರನ್ನೆಲ್ಲ ತಡೆದು ನಿಲ್ಲಿಸಿಕೊಂಡು, ತೂಬಿನ ಮೂಲಕ ಸ್ವಲ್ಪಸ್ವಲ್ಪವಾಗಿ ಹಳ್ಳಕ್ಕೆ ಬಿಡುವುದು ಅದರ ಕೆಲಸ. ಏರಿಯ ಕೆಳಗೆ ಹನ್ನೊಂದು ಮನೆ. ಕೊನೆಯ ಮನೆಯಲ್ಲಿ ಹತ್ತು ದಿನದ ಬಾಣಂತಿ.

ಶಿಷ್ಯ ನಿಜಗುಣ ಬೆಳಗಿನಿಂದ ನಾಲ್ಕು ಸಲ ಏರಿಗೆ ಹೋಗಿ ಬಂದ. ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಗುರುಗಳ ಬಳಿಗೆ ಓಡಿದ.

"ಗುರುಗಳೇ, ನೀರು ಏರಿಯನ್ನು ಹಾಯಲು ಒಂದೇ ಗೇಣು ಬಾಕಿ. ತೂಬು ಮುಚ್ಚಿಕೊಂಡಿದೆ."

"ಏನು ಸಿಕ್ಕಿಕೊಂಡಿದೆ?"

"ಮೇಲಿನ ಬೀದಿಯವರ ಕಸ. ಅಂಗಳ ಗುಡಿಸಿದ್ದು, ಉಂಡ ಎಲೆ, ಒಲೆಯ ಬೂದಿ, ಎಲ್ಲ ಚರಂಡಿಗೆ. ಚರಂಡಿ ಕಟ್ಟೆಗೆ. ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ. ತಾವು ಒಂದು ಮಾತು ಗದರಿಸಿದರೆ..."

"ಕರೆ."

ಬಂದರು. ಮೇಲಿನ ಬೀದಿಯವರು ಬರುವಾಗಲೇ ಜಗಳ ಆಡುತ್ತ ಬಂದರು.

"ನಮ್ಮನೇದು ಒಂದು ಮೊರ ತರಗು ಬುದ್ಧೀ. ಅಷ್ಟಕ್ಕೇ ತೂಬು ಮುಚ್ಕೊಂಡ್ಬಿಡ್ತದಾ?" ಎಂದಳು ಸಾಕಮ್ಮ.

"ನಿಮ್ಮನೇ ಮೊರ ಅಂದ್ರೆ ಒಂದು ಗಾಡಿ ಕಣಕ್ಕ," ಎಂದ ಪಕ್ಕದ ಮನೆಯ ಹೊಂಬಾಳಯ್ಯ.

"ನಿನ್ನ ಒಲೆ ಬೂದಿ ಏನು ವಿಭೂತಿಯಾ?"

ಈಗ ಗದರುತ್ತಾರೆ, ಈಗ ಗದರುತ್ತಾರೆ ಎಂದು ನಿಜಗುಣ ಗುರುಗಳ ಮುಖವನ್ನೇ ನೋಡುತ್ತ ನಿಂತ.

ಗುರುಗಳು ಮಾವಿನಕಾಯಿ ಕೀಳುವ ದೋಟಿ ಹಿಡಿದು ಸೊಂಟಮಟ್ಟದ ನೀರಿಗೆ ಇಳಿದರು.

"ಬೇಡಿ ಗುರುಗಳೇ! ತೂಬು ಬಿಟ್ಟುಕೊಂಡರೆ ಒಳಕ್ಕೆ ಸೆಳೆಯುತ್ತದೆ!"

ಅವರು ತೂಬಿನ ಬಾಯಿಗೆ ಕೊಕ್ಕೆ ಹಾಕಿ ಎಳೆದರು. ಬಾಳೆನಾರಿನ ಹಾರವೊಂದು ಬಂತು. ಅದಕ್ಕೆ ಸುತ್ತಿಕೊಂಡು ಇನ್ನೊಂದು. ಕೊಳೆತ ಚೆಂಡುಹೂವು, ಕಪ್ಪಾದ ಬಿಲ್ವಪತ್ರೆ. ಎಳೆದಷ್ಟೂ ಬಂತು.

ಸಾಕಮ್ಮ ಮೂಗಿಗೆ ಸೆರಗು ಹಿಡಿದಳು. "ಇಷ್ಟುದ್ದ ಹಾರ ಹಾಕಿಸ್ಕೊಳ್ಳೋ ದೇವ್ರು ನಮ್ಮ ಬೀದೀಲಿ ಯಾರ ಮನೇಲಿದಾನೆ?"

ನಿಜಗುಣನ ಕಣ್ಣು ಹಾರದ ಗಂಟಿನ ಮೇಲೆ ನಿಂತಿತು. ಎರಡು ಸುತ್ತಿನ ಗಂಟು. ಹಾಗೆ ಕಟ್ಟುವವನು ಊರಿಗೆಲ್ಲ ತಾನೊಬ್ಬನೇ.

"ನಿರ್ಮಾಲ್ಯ," ಎಂದ. "ಪೂಜೆಯ ಹೂವನ್ನು ಯಾರೂ ತುಳಿಯಬಾರದು ಅಂತ ದಿನಾ ನೀರಿಗೆ ಬಿಡುತ್ತಿದ್ದೆ. ಮಂತ್ರ ಹೇಳಿಯೇ ಬಿಡುತ್ತಿದ್ದೆ."

"ಮಂತ್ರಕ್ಕೆ ನಾರು ಕರಗಲಿಲ್ಲ ನೋಡಿ, ಮರಿಸ್ವಾಮಿಗಳೇ," ಎಂದ ಹೊಂಬಾಳಯ್ಯ. "ಹಾಕಿದೋರೇ ತೆಗೀಲಿ. ನಡೀರಪ್ಪ."

ಜನ ಹೊರಟರು. ಮೊದಲ ಹನಿ ಬಿತ್ತು.

"ಗುರುಗಳೇ, ಅವರನ್ನು ನಿಲ್ಲಿಸಿ!"

ಗುರುಗಳು ದೋಟಿಯನ್ನು ಅವನ ಕೈಗೆ ಕೊಟ್ಟು ದಡ ಹತ್ತಿದರು.

ನಿಜಗುಣ ಇಳಿದ. ಎಳೆದ, ಏರಿಯ ಮೇಲೆ ಎಸೆದ, ಮತ್ತೆ ಎಳೆದ. ಹಾರಗಳು ಮುಗಿದ ಮೇಲೆ ಉಂಡ ಎಲೆಗಳು ಬಂದವು, ಮುರಿದ ಪೊರಕೆ ಬಂತು. ಯಾರದೆಂದು ಅವನು ಕೇಳಲಿಲ್ಲ. ಮಳೆ ಬಿರುಸಾಯಿತು. ನೀರು ಏರಿಯನ್ನು ಹಾಯಲು ಇನ್ನು ನಾಲ್ಕೇ ಬೆರಳು.

"ಬಾಣಂತಿಯನ್ನಾದರೂ ಮೇಲಕ್ಕೆ ಕರೆತನ್ನಿ! ನನ್ನ ಕೈಲಿ ಆಗದೆ ಹೋದರೆ..." ಎಂದು ಕೂಗಿದ.

ಹೊರಟಿದ್ದ ಸಾಕಮ್ಮ ನಿಂತಳು. ಆಮೇಲೆ ಸೆರಗು ಸಿಕ್ಕಿಸಿ ಇಳಿಜಾರಿನಲ್ಲಿ ಓಡಿದಳು.

ನಿಜಗುಣನ ಕಾಲು ಜಾರಿತು. ಹಿಂದಿನಿಂದ ಒಂದು ಕೈ ಅವನ ರಟ್ಟೆ ಹಿಡಿಯಿತು.

"ನೀವೂ ಸಿಕ್ಕಾಕ್ಕೊಂಡ್ರೆ ತೂಬಿಗೆ ಇನ್ನೊಂದು ಕಸ," ಎಂದ ಹೊಂಬಾಳಯ್ಯ. "ಎಳೀರಿ, ಹಿಡ್ಕೊಂಡಿದೀನಿ."

ಅವನ ಹಿಂದೆ ಇನ್ನಿಬ್ಬರು ಇಳಿದರು. ಸುತ್ತಿಕೊಂಡಿದ್ದ ಕಸದ ಕೊನೆಯ ಸಿಂಬೆ ಕಿತ್ತು ಬಂದಾಗ ತೂಬು ಗುಳುಗುಳು ಎಂದಿತು.

ಮಳೆ ಸುರಿಯುತ್ತಲೇ ಇತ್ತು. ನೀರು ಏರಲಿಲ್ಲ. ಸಂಜೆಯ ಹೊತ್ತಿಗೆ ಎರಡು ಬೆರಳು ಇಳಿಯಿತು. ಹನ್ನೊಂದರಲ್ಲಿ ಒಂದು ಮನೆಯ ಹೊಸ್ತಿಲನ್ನೂ ಕಟ್ಟೆಯ ನೀರು ಮುಟ್ಟಲಿಲ್ಲ.

"ಹೂವು ಇನ್ನು ಬಿಲ್ವದ ಬುಡಕ್ಕೆ," ಎಂದ ನಿಜಗುಣ.

"ನಮ್ಮ ತರಗು ತಿಪ್ಪೆಗೆ," ಎಂದಳು ಸಾಕಮ್ಮ, ಯಾರೂ ಕೇಳದಿದ್ದರೂ.

ಎಲ್ಲರೂ ಹೋದರು. ನಿಜಗುಣ ಒದ್ದೆ ಬಟ್ಟೆಯಲ್ಲೇ ಗುರುಗಳ ಮುಂದೆ ಕುಳಿತ.

"ಗುರುಗಳೇ, ನೀರು ಇಳಿದರೂ ಎದೆಯ ಭಯ ಇಳಿಯುತ್ತಿಲ್ಲ. ಇದನ್ನು ಹೇಗೆ ಕಳೆದುಕೊಳ್ಳಲಿ?"

"ಕಳೆದುಕೊಳ್ಳಬೇಡ. ಬಿಸಿಲು ಬಂದು ತೂಬು ಮರೆತುಹೋಗುವ ದಿನ ಬೇಕಾಗುತ್ತದೆ."