ಹಾಲೇಶಿ ಅಪ್ಪನಿಗೆ ಬರೆದ ಐದು ಅಂಕದ ಪತ್ರ

ಊರು ಅಂದಮೇಲೆ ಒಬ್ಬ ಪೆದ್ದ ಇರಲೇಬೇಕು. ಇಲ್ಲದಿದ್ದರೆ ಮಿಕ್ಕವರು ಜಾಣರು ಅಂತ ಗೊತ್ತಾಗೋದು ಹೇಗೆ ಹೇಳಿ? ನಮ್ಮ ಹಳ್ಳದಕೇರಿಯಲ್ಲೂ ಒಬ್ಬನಿದ್ದ, ಹಾಲೇಶಿ ಅಂತ. ಮೀಸೆ ಬಂದು ಹತ್ತೊಂಬತ್ತು ತುಂಬಿದರೂ ಹತ್ತನೇ ಕ್ಲಾಸು ದಾಟಿರಲಿಲ್ಲ. ಮಿಕ್ಕ ವಿಷಯಗಳನ್ನೆಲ್ಲ ಉರು ಹೊಡೆದು ಹೇಗೋ ಪಾಸು ಮಾಡಿಕೊಂಡಿದ್ದ. ಉಳಿದದ್ದು ಕನ್ನಡ ಒಂದೇ. ಅವ್ವನ ಬಾಯಿಂದ ಕಲಿತ ಭಾಷೆಯಲ್ಲೇ ಡುಮ್ಕಿ!

ಅವನವ್ವ ಕೆಂಚಮ್ಮ ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿಯುತ್ತ ದುಡಿಯೋಳು. ಅಪ್ಪ ದುರುಗಪ್ಪ ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿದ್ದ. ದೀಪಾವಳಿ ಮುಂದೆ ಕಾಮಾಲೆ ಬಂದು ತೀರಿಕೊಂಡ. ಅವನ ಕೆಲಸ ಮಗನಿಗೆ ಸಿಗುತ್ತದೆ, ಸರ್ಕಾರಕ್ಕೆ ಅಷ್ಟು ಅನುಕಂಪ ಇದೆ. ಆದರೆ ಆ ಅನುಕಂಪಕ್ಕೂ ಹತ್ತನೇ ಕ್ಲಾಸು ಪಾಸಾಗಿರಬೇಕು, ಅದೂ ಅಪ್ಪ ಸತ್ತು ವರ್ಷ ತುಂಬುವುದರೊಳಗೆ. ಪರೀಕ್ಷೆ ವರ್ಷಕ್ಕೆ ಮೂರು ಸಲ. ಮೂರರಲ್ಲಿ ಒಂದು ಗೆದ್ದರೆ ಮನೆಯಲ್ಲಿ ಅನ್ನ. ಸೋತರೆ ಭಟ್ಟಿಯ ಹೊಗೆಯೇ ಗತಿ, ಅದೂ ಕೆಂಚಮ್ಮನ ಎದೆ ತಡೆಯುವಷ್ಟು ದಿನ. ಆಗಲೇ ಅವಳು ಕೆಮ್ಮಿದರೆ ಪಕ್ಕದ ಮನೆಯವರಿಗೆ ಎಚ್ಚರವಾಗುತ್ತಿತ್ತು.

ಮೊದಲನೇ ಪರೀಕ್ಷೆ ಬಂತು. ಕೆಂಚಮ್ಮ ಮಗನ ತಲೆ ಬಾಚಿ ಹೇಳಿದಳು:

"ಲೇ ಹಾಲೇಶಿ, ಇದ್ದದ್ದು ಇದ್ದಂಗೆ ಬರಿ. ಇಲ್ಲದ್ದನ್ನ ಐತೆ ಅಂತ ಬರೀಬ್ಯಾಡ. ಮಾಸ್ತರಿಗೆ ಗೊತ್ತಾಗ್ತೈತೆ!"

"ಆಗ್ಲವ್ವಾ!"

ಗಂಟೆ ಹೊಡೀತು. ಮಕ್ಕಳೆಲ್ಲ ಶಾಲೆಯ ಗೇಟಿನ ಹತ್ತಿರ ಹೊಂಗೆಮರದಡಿ ಗುಂಪಾದರು. ಉತ್ತರ ತಾಳೆ ನೋಡದಿದ್ದರೆ ಯಾರಿಗೂ ಅನ್ನ ಇಳಿಯೋದಿಲ್ಲ, ನೋಡಿದ ಮೇಲೆ ಕೆಲವರಿಗೆ ಇಳಿಯೋದಿಲ್ಲ. ನಡುವೆ ನಿಂತವಳು ನೇತ್ರಾವತಿ. ಅಂಕ ಇನ್ನೂ ಹೆಚ್ಚಾಗಲಿ ಅಂತ ಮೂರು ಪರೀಕ್ಷೆಯನ್ನೂ ಬರೆಯೋ ಜಾತಿಯವಳು, ಆದರೆ ಮನಸ್ಸು ಒಳ್ಳೇದು.

"ಹಾಲೇಶಣ್ಣಾ, ಗಾದೆ ವಿಸ್ತಾರ ಮಾಡಿದ್ಯಾ? ಮಾತು ಬೆಳ್ಳಿ, ಮೌನ ಬಂಗಾರ?"

"ಮೌನ ಬಂಗಾರ ಅಂತ ಅದೇ ಹೇಳ್ತಲ್ಲ. ಸುಮ್ನಿದ್ದೆ."

"ಅಯ್ಯೋ! ಪತ್ರ? ಪ್ರವಾಸಕ್ಕೆ ಅನುಮತಿ ಕೇಳಿ ತಂದೆಗೆ ಪತ್ರ?"

"ಅಪ್ಪ ಇಲ್ವಲ್ಲ ತಂಗೀ. ಇಲ್ಲದ್ದನ್ನ ಐತೆ ಅಂತ ಬರೀಬಾರ್ದು."

ನಗಬೇಕೆಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು. ಹಾಲೇಶಿ ಫೇಲಾದ. ಕೆಂಚಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಲೇ ಮುಕ್ಕಾ! ಅಪ್ಪ ಇದಾನೆ ಅಂದ್ಕೋಬೇಕಲೇ! ಇನ್ಮೇಲೆ ಯಾರೇ ಅಪ್ಪನ ಮಾತೆತ್ತಲಿ, ಇದಾನೆ ಅನ್ನು, ಚೆನ್ನಾಗಿದಾನೆ ಅನ್ನು!"

"ಆಗ್ಲವ್ವಾ!"

ಮುಂದಿನ ವಾರವೇ ಕಚೇರಿಯಿಂದ ಕರೆ ಬಂತು. ಅವ್ವನಿಗೆ ಭಟ್ಟಿ ಬಿಡೋ ಹಾಗಿಲ್ಲ, ಹಾಲೇಶಿ ಒಬ್ಬನೇ ಹೋದ. ಗುಮಾಸ್ತರು ಕನ್ನಡಕ ಮೇಲೇರಿಸಿದರು.

"ಏನಪ್ಪಾ, ದುರುಗಪ್ಪನ ಮಗನಾ? ಪಾಪ, ನಿಮ್ಮಪ್ಪ..."

"ಇದಾನೆ ಸಾರ್! ಚೆನ್ನಾಗಿದಾನೆ!"

"ಏನು?"

"ಚೆನ್ನಾಗಿದಾನೆ ಸಾರ್!"

"ಮತ್ತೆ ಅನುಕಂಪದ ಕೆಲಸ ಯಾರಿಗಯ್ಯಾ? ಬದುಕಿರೋನ ಕುರ್ಚಿ ಮಗನಿಗೆ ಕೊಡೋಕಾಗುತ್ತಾ? ನಡಿ ಆಚೆ!"

ದುರುಗಪ್ಪನ ಹೆಣಕ್ಕೆ ಹೆಗಲು ಕೊಟ್ಟವರೇ ಆ ಗುಮಾಸ್ತರು. ಆದರೂ ಮಗ ಬಾಯಿಬಿಟ್ಟು ಇದಾನೆ ಅಂದಮೇಲೆ ಅವರಾದರೂ ಏನು ಮಾಡಿಯಾರು? ಕೆಂಚಮ್ಮ ಮೈಮೇಲಿನ ಬೂದಿ ಸಮೇತ ಓಡಿಹೋಗಿ ಅವರ ಕಾಲು ಹಿಡಿದಳು. "ಹೋಗ್ಲಿ ಏಳಮ್ಮ, ವರ್ಷದೊಳಗೆ ಪಾಸಾಗಿ ಬರಲಿ" ಅಂದರು. ಮನೆಗೆ ಬಂದವಳೇ ಮಗನ ಬೆನ್ನಿಗೆ ಬಿಟ್ಟಳು ಒಂದು.

"ಗಂಡ ಸತ್ತದ್ದು ಒಂದು ಸಲ, ನೀನು ಕೊಲ್ಲೋದು ದಿನಾ! ಇನ್ಮೇಲೆ ಯಾರೇ ಏನೇ ಕೇಳಲಿ, ಮೊದಲು ನಮ್ಮಪ್ಪ ಸತ್ತ ಅನ್ನು. ಕಣ್ಣಾಗೆ ನೀರು ಹಾಕ್ಕೊಂಡು ಅನ್ನು. ಮಿಕ್ಕಿದ್ದೆಲ್ಲ ಆಮೇಲೆ!"

"ಆಗ್ಲವ್ವಾ!"

ಎರಡನೇ ಪರೀಕ್ಷೆ ಬಂತು. ಗಂಟೆ ಹೊಡೀತು. ಮತ್ತದೇ ಹೊಂಗೆಮರ, ಮತ್ತದೇ ನೇತ್ರಾವತಿ.

"ಹಾಲೇಶಣ್ಣಾ, ಮೊದಲನೇ ಪ್ರಶ್ನೆಗೆ ಏನು ಬರದೆ?"

"ನಮ್ಮಪ್ಪ ಸತ್ತ."

"ಅಲ್ಲಣ್ಣಾ, ಕವಿಯ ಊರು ಕೇಳಿದ್ರು."

"ಅದು ಆಮೇಲೆ. ಮೊದಲು ನಮ್ಮಪ್ಪ ಸತ್ತ."

"ಪತ್ರಕ್ಕೆ? ಗೆಳೆಯನಿಗೆ ಬಹುಮಾನ ಬಂದೈತೆ, ಅಭಿನಂದನೆ ಹೇಳಿ ಅಂತಿತ್ತಲ್ಲ?"

"ಪ್ರೀತಿಯ ಗೆಳೆಯಾ, ನಮ್ಮಪ್ಪ ಸತ್ತ ಅಂತ ಬರದೆ. ಕಣ್ಣಾಗೆ ನೀರು ಬರ್ಲಿಲ್ಲ, ಬರೋವರೆಗೂ ಕಾದೆ. ಬಂತು ನೋಡು, ಹಾಳೆ ಎಲ್ಲ ಒದ್ದೆ ಆತು. ಒಣಗಿಸೋದರಾಗೆ ಗಂಟೆ ಹೊಡೀತು."

ನೇತ್ರಾವತಿ ತಲೆ ತಗ್ಗಿಸಿದಳು. ನನಗೂ ಇಲ್ಲಿ ನಗು ಬರೋದಿಲ್ಲ, ನಿಮಗೆ ಬಂದರೆ ನಕ್ಕುಬಿಡಿ. ಹಾಲೇಶಿ ಮತ್ತೆ ಫೇಲಾದ. ಈ ಸಲ ಕೆಂಚಮ್ಮನಿಗೆ ಬೈಯೋಕೂ ಉಸಿರಿರಲಿಲ್ಲ. ಒಂದು ಮಾತು ಬೈದು ಒಂದು ಸಲ ಕೆಮ್ಮಿದಳು.

"ಪತ್ರ ಅಂದ್ರೆ ಯಾರಿಗೆ ಬರಿ ಅಂತಾರೋ... ಅವರಿಗೇ ಬರೀಬೇಕಲೇ! ಅವರೇ ಓದ್ತಾರೆ ಅಂತ... ಮನಸಿಟ್ಟು ಬರಿ. ಒಬ್ಬರಿಗೆ ಸೇರೋ ಮಾತನ್ನ... ಇನ್ನೊಬ್ಬರಿಗೆ ಯಾಕಲೇ ಒಪ್ಪಿಸ್ತಿ, ಪೆದ್ದಾ!"

"ಆಗ್ಲವ್ವಾ!"

ಮೂರನೇ ಪರೀಕ್ಷೆ. ಇದೇ ಕೊನೇದು. ದೀಪಾವಳಿ ಹತ್ತಿರವಾಗುತ್ತಿತ್ತು, ದುರುಗಪ್ಪನ ವರ್ಷವೂ ಹತ್ತಿರವಾಗುತ್ತಿತ್ತು. ಕೆಂಚಮ್ಮ ಅವತ್ತು ಭಟ್ಟಿಗೆ ಹೋಗದೆ ಹೊಂಗೆಮರದಡಿ ಬಂದು ಕೂತಳು. ಗಂಟೆ ಹೊಡೀತು. ಹಾಲೇಶಿ ನಗುನಗುತ್ತ ಬಂದ.

"ಗಾದೆ?" ಅಂದಳು ನೇತ್ರಾವತಿ.

"ಕೈ ಕೆಸರಾದರೆ ಬಾಯಿ ಮೊಸರು. ಅವ್ವನ ಕೈ ನೋಡಿದೀನಲ್ಲ, ಅದನ್ನೇ ಬರದೆ. ಮೊಸರಿನ ಸುದ್ದಿ ಗೊತ್ತಿಲ್ಲ ಅಂದೆ."

"ಚೆನ್ನಾಗೈತೆ! ಕವಿಯ ಊರು?" ಸರಿ ಇತ್ತು. "ಸಮಾಸ?" ಅದೂ ಸರಿ ಇತ್ತು. ನೇತ್ರಾವತಿ ಬೆರಳು ಮಡಚಿ ಲೆಕ್ಕ ಹಾಕಿ ಕುಣಿದಳು. "ಕೆಂಚಮ್ಮತ್ತೆ, ದೊಡ್ಡ ಪ್ರಶ್ನೆ ಅರ್ಧಂಬರ್ಧ, ಆದ್ರೂ ಪತ್ರದ ಐದು ಅಂಕ ಸೇರಿದ್ರೆ ಅಣ್ಣ ಪಾಸು! ಪ್ರವಾಸಕ್ಕೆ ಅನುಮತಿ ಕೇಳೋ ಪತ್ರ, ಮತ್ತೆ ತಂದೆಗೇ ಬಂದಿತ್ತು. ಬರದ್ಯೇನಣ್ಣಾ?"

"ಬರದೆ! ಎರಡು ಪುಟ! ಅಪ್ಪನೇ ಓದ್ತಾನೆ ಅಂತ ಮನಸಿಟ್ಟು ಬರದೆ!"

ಕೆಂಚಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗನ ಗಲ್ಲ ಸವರಿದಳು. ಎಷ್ಟೋ ತಿಂಗಳ ಮೇಲೆ ಸವರಿದ್ದು.

"ನೋಡ್ತೀಯಾ ಅವ್ವಾ?" ಅಂತ ಹಾಲೇಶಿ ಅಂಗಿಯೊಳಗೆ ಕೈಹಾಕಿ ಒಂದು ಹಾಳೆ ತೆಗೆದ.

ಹೆಚ್ಚುವರಿ ಹಾಳೆ ಇಸ್ಕೊಂಡವರು ಅದನ್ನ ದಾರದಿಂದ ಉತ್ತರಪತ್ರಿಕೆಗೆ ಕಟ್ಟಿ ಕೊಡಬೇಕು. ಎಲ್ಲರೂ ಕಟ್ಟಿದ್ದರು. ಇವನು ಕಟ್ಟಿರಲಿಲ್ಲ.

"ಇದನ್ನ ಮಾಸ್ತರಿಗೆ ಕೊಡಲಿಲ್ವೇನಲೇ?"

"ಅಪ್ಪಂಗೆ ಬರೆದದ್ದು ಮಾಸ್ತರಿಗೆ ಯಾಕೆ ಒಪ್ಪಿಸ್ಲವ್ವಾ?"

ನೇತ್ರಾವತಿ ಒಳಗೆ ಓಡಿದಳು, ಕೆಂಚಮ್ಮ ಕೆಮ್ಮುತ್ತ ಹಿಂದೆ ಓಡಿದಳು. ಉತ್ತರಪತ್ರಿಕೆಗಳ ಕಟ್ಟಿಗೆ ಆಗಲೇ ಬಟ್ಟೆ ಹೊಲಿದು ಅರಗು ಹಾಕಿದ್ದರು. ಕೈಮುಗಿದರೂ ಇಲ್ಲ, ಅತ್ತರೂ ಇಲ್ಲ. ಜೀಪು ಹೊರಟೇಹೋಯಿತು. ಮರದಡಿ ಬಂದು ನೋಡಿದರೆ ಹಾಲೇಶಿಯೂ ಇಲ್ಲ.

ಅವನು ಸಿಕ್ಕಿದ್ದು ಹಳ್ಳದ ದಂಡೆಯ ಸ್ಮಶಾನದಲ್ಲಿ. ಅಪ್ಪನ ಸಮಾಧಿಯ ಮಣ್ಣು ಕೈಯಲ್ಲೇ ಬಗೆದು, ಹಾಳೆ ಹೂತು, ಪಕ್ಕದಲ್ಲಿ ಮಂಡಿ ಮಡಚಿ ಕೂತಿದ್ದ.

"ಏಳಲೇ. ಎಲ್ಲ ಮುಗೀತು. ಮನೀಗೆ ಬಾ."

"ತಡಿ ಅವ್ವಾ. ಅನುಮತಿ ಕೇಳಿದೀನಿ. ಅಪ್ಪ ಹೂಂ ಅನ್ಲಿ, ಬರ್ತೀನಿ."

ಕೆಂಚಮ್ಮ ಬೈಯಲಿಲ್ಲ. ಕೈ ಎತ್ತಲಿಲ್ಲ. ಬುದ್ಧಿ ಹೇಳೋಕೆ ಅವಳಲ್ಲಿ ಇನ್ನು ಯಾವ ಬುದ್ಧಿಯೂ ಉಳಿದಿರಲಿಲ್ಲ. ಮಗನ ಪಕ್ಕ ಕುಸಿದು ಕೂತಳು. ಬಿಸಿಲು ಇಳಿಯುವ ತನಕ ಕಾದಳು. ಕೊನೆಗೆ ಮಣ್ಣಿನ ಕಡೆ ಬಾಗಿ ಮೆಲ್ಲಗೆ ಅಂದಳು:

"ಹೂಂ ಅಂದುಬಿಡ್ರೀ... ಹುಡುಗ ಬೆಳಗ್ಗಿಂದ ಉಂಡಿಲ್ಲ."

ಹಾಲೇಶಿ ಗಾಬರಿಬಿದ್ದು ಅವ್ವನ ಬಾಯಿಗೆ ಮಣ್ಣುಗೈ ಅಡ್ಡ ಹಿಡಿದ.

"ಹೇಳಿಕೊಡಬ್ಯಾಡ ಸುಮ್ನಿರವ್ವಾ! ಅಪ್ಪನ್ನ ಡಿಬಾರ್ ಮಾಡ್ತಾರೆ!"