ತುಟಿ ಒಡೆದ ಗಡಿಗೆ

ಕರಿಗುಡ್ಡದ ಕೋಟೆಯಲ್ಲಿ ತಿಪ್ಪಯ್ಯ ಎಂಬ ಮುದುಕನಿದ್ದ. ಮದ್ದಿನ ಮನೆ ನೋಡಿಕೊಳ್ಳುವುದು ಅವನ ಕೆಲಸ. ಮದ್ದು ಎಂದರೆ ಮಕ್ಕಳೇ, ಫಿರಂಗಿಗೆ ತುಂಬುವ ಕರಿ ಪುಡಿ.

ಮಳೆಗಾಲ ಕಳೆದು ಬಿಸಿಲು ಬಿದ್ದ ಕೂಡಲೇ ತಿಪ್ಪಯ್ಯ ಇಪ್ಪತ್ತು ಗಡಿಗೆಗಳನ್ನೂ ಒಂದೊಂದಾಗಿ ಹೊರಗೆ ಹೊರುತ್ತಿದ್ದ. ಬಟ್ಟೆಯ ಮೇಲೆ ಮದ್ದು ಹರವಿ, ಗಂಟು ಕಟ್ಟಿದ್ದನ್ನು ಮರದ ಸೌಟಿನಿಂದ ಬಿಡಿಸಿ, ಒಣಗಿಸಿ, ಮತ್ತೆ ತುಂಬುತ್ತಿದ್ದ. ಹತ್ತಿರ ಬೆಂಕಿ ತರುವಂತಿಲ್ಲ, ಕಬ್ಬಿಣ ತಾಗಿಸುವಂತಿಲ್ಲ. ಗಡಿಗೆಯನ್ನು ಹಸಿ ನೆಲದ ಮೇಲಿಡದೆ ಹಲಗೆಯ ಮೇಲೇ ಇಡಬೇಕು. ಬೇಸರದ ಕೆಲಸ, ಯಾರೂ ಹೊಗಳದ ಕೆಲಸ. ಮೂವತ್ತು ವರ್ಷ ಮಾಡಿ ಅವನ ಮಂಡಿ ಸವೆದಿತ್ತು. ಆದರೂ ಬಿಡಲಿಲ್ಲ. ಹೆಬ್ಬಾಗಿಲ ಫಿರಂಗಿ ಹಾರಿಸುವವನು ಅವನ ಒಬ್ಬನೇ ಮಗ ಸಣ್ಣೀರ. ಮದ್ದು ಹತ್ತದಿದ್ದರೆ ಮೊದಲು ಸಾಯುವವನು ಅವನೇ.

ಒಂದು ವರ್ಷ ಆಯುಧ ಪೂಜೆಯ ದಿನ ಕೋಟೆಯ ದೊರೆ ಬೊಮ್ಮಣ್ಣ ನಾಯಕನಿಗೆ ಭಕ್ತಿ ಉಕ್ಕಿತು. ಕತ್ತಿ, ಈಟಿಗಳ ಜೊತೆ ಮದ್ದಿಗೂ ಪೂಜೆಯಾಗಲಿ ಎಂದ. ಪುರೋಹಿತರು ಗಡಿಗೆಗಳ ಬಾಯಿ ತೆರೆಸಿ ಒಂದೊಂದು ಉದ್ಧರಣೆ ತೀರ್ಥ ಬಿಟ್ಟರು. ಅರಿಶಿನದ ಬಟ್ಟೆ ಕಟ್ಟಿ, ಮೇಣ ಮೆತ್ತಿ, ನಾಯಕನ ಮುದ್ರೆ ಒತ್ತಿಸಿದರು. ಒಂದು ಗಡಿಗೆಯ ತುಟಿ ಒಡೆದಿತ್ತು. ಭಿನ್ನವಾದದ್ದು ಪೂಜೆಗೆ ಬಾರದೆಂದು ಅದನ್ನು ಮೂಲೆಗೆ ಸರಿಸಿದರು.

"ಇನ್ನು ಯುದ್ಧ ಬರೋವರ್ಗೂ ಯಾರೂ ಮುದ್ರೆ ಮುಟ್ಟಬಾರ್ದು" ಎಂದ ನಾಯಕ.

ತಿಪ್ಪಯ್ಯ ಕೈ ಮುಗಿದ. "ಬುದ್ಧೀ, ಮದ್ದಿಗೆ ನೀರು ಸೋಕಬಾರ್ದು. ವರ್ಷಾ ವರ್ಷಾ ಬಿಸ್ಲು ಕಾಣಿಸ್ಬೇಕು."

"ಮದ್ದು ಎಷ್ಟು ವರ್ಷ ಬರ್ತೈತೆ ಹೇಳು?"

"ನೋಡ್ಕಂಡ್ರೆ ನಮ್ಮಪ್ಪ ತುಂಬಿಟ್ಟಿದ್ದೂ ಬರ್ತೈತೆ. ನೋಡ್ದಿದ್ರೆ ಒಂದು ಮಳೆಗಾಲ ದಾಟಾಕಿಲ್ಲ."

"ತೀರ್ಥ ಬಿದ್ದದ್ದು ಕೆಡ್ತೈತಾ? ಸುಮ್ನಿರಯ್ಯ" ಎಂದು ನಾಯಕ ನಕ್ಕ.

ಪ್ರತಿ ದೀಪಾವಳಿ ಕಳೆದ ಮೇಲೆ ತಿಪ್ಪಯ್ಯ ಅರಮನೆಗೆ ಹೋಗಿ, ಮುದ್ರೆ ತೆಗೆಸಿ ಎಂದು ಬೇಡಿದ. ಪ್ರತಿ ಸಲವೂ ಬೈಸಿಕೊಂಡು ಬಂದ. ಐದು ವರ್ಷವಾದ ಮೇಲೆ ಕೇಳುವುದನ್ನೇ ಬಿಟ್ಟ. ಕೇಳಿ ಕೇಳಿ ಮನುಷ್ಯನಿಗೆ ಸುಸ್ತಾಗುತ್ತದೆ. ಆದರೆ ಆ ತುಟಿ ಒಡೆದ ಗಡಿಗೆಯನ್ನು ಮಾತ್ರ ತಪ್ಪದೆ ಬಿಸಿಲಿಗೆ ತರುತ್ತಿದ್ದ. "ಹಪ್ಪಳ ಒಣಗಿದ್ವಾ ತಿಪ್ಪಯ್ಯಾ?" ಎಂದು ಕಾವಲಿನವರು ರೇಗಿಸುತ್ತಿದ್ದರು.

ಏಳನೆಯ ವರ್ಷ ಶತ್ರುಗಳು ಬಂದರು. ನಾಯಕನೇ ನಿಂತು ಮುದ್ರೆ ಒಡೆಸಿದ. ಒಳಗೆ ಮದ್ದು ಬೆಲ್ಲದ ಅಚ್ಚಿನಂತೆ ಗಟ್ಟಿಯಾಗಿತ್ತು. ಸಣ್ಣೀರ ಅದನ್ನೇ ಕುಟ್ಟಿ ತುಂಬಿ ಬೆಂಕಿ ಇಟ್ಟ. ಬುಸ್ಸೆಂದು ಆರಿಹೋಯಿತು. ಇನ್ನೊಂದು ಗಡಿಗೆ ಒಡೆದರು. ಅದೂ ಅಷ್ಟೇ. ಶತ್ರುಗಳು ಹೆಬ್ಬಾಗಿಲ ಹತ್ತಿರಕ್ಕೇ ಬಂದುಬಿಟ್ಟಿದ್ದರು.

ಆಗ ತಿಪ್ಪಯ್ಯ ತುಟಿ ಒಡೆದ ಗಡಿಗೆಯನ್ನು ಎದೆಗವುಚಿಕೊಂಡು ಕುಂಟುತ್ತ ಬಂದ. ಅದರಲ್ಲಿದ್ದದ್ದು ಮೂರೇ ಮೂರು ಸಲಕ್ಕೆ ಸಾಕಾಗುವಷ್ಟು ಮದ್ದು. ಮೂರು ಸಲವೂ ಫಿರಂಗಿ ಗುಡುಗಿತು. ಕೋಟೆಯಲ್ಲಿ ಇನ್ನೆಷ್ಟು ಮದ್ದಿದೆಯೋ ಎಂದು ಹೆದರಿ ಶತ್ರುಗಳು ಹಿಂದೆ ಸರಿದರು. ಅವರಿಗೆ ಮತ್ತೆ ಧೈರ್ಯ ಬರುವಷ್ಟರಲ್ಲಿ ಕೋಟೆಯ ಜನರೆಲ್ಲ ಹಿಂದಿನ ದಿಡ್ಡಿ ಬಾಗಿಲಿನಿಂದ ಕಾಡು ಸೇರಿದ್ದರು. ಕೊನೆಗೆ ಬಂದವನು ಸಣ್ಣೀರ. ಮಸಿಯಾದ ಅವನ ಮುಖ ಸವರಿ ತಿಪ್ಪಯ್ಯ ಅತ್ತುಬಿಟ್ಟ.

ಜನ ಉಳಿದರು. ಕೋಟೆ ಉಳಿಯಲಿಲ್ಲ.

ಕಾಡಿನ ದಾರಿಯಲ್ಲಿ ನಾಯಕ ತಿರುಗಿ ನೋಡಿದ. ಮುದುಕ ಖಾಲಿ ಗಡಿಗೆ ಹೊತ್ತು ಬರುತ್ತಿದ್ದ.

"ಕೋಟೇನೇ ಹೋಯ್ತು. ಅದನ್ನ ಯಾಕೆ ಹೊರ್ತೀಯ?"

"ಎಲ್ಲೋ ಒಂದ್ಕಡೆ ನಿಲ್ತೀವಲ್ಲ ಬುದ್ಧೀ. ಮತ್ತೆ ತುಂಬಬೇಕು, ಮತ್ತೆ ಒಣಗಿಸ್ಬೇಕು. ನಂಗೂ ಸಾಕಾಗೈತೆ. ಆದ್ರೆ ಫಿರಂಗಿ ಹಿಂದೆ ನನ್ ಮಗ ನಿಲ್ತಾನಲ್ಲ."

ನಾಯಕ ನಾಲ್ಕು ಹೆಜ್ಜೆ ಹಿಂದಕ್ಕೆ ಬಂದ. ಎರಡೂ ಕೈ ಚಾಚಿದ.

"ಇತ್ತ ಕೊಡು. ನಾನು ಹೊರ್ತೀನಿ."

ನೀತಿ: ಕಾಪಾಡಬೇಕಾದ್ದನ್ನು ಪೂಜೆ ಮಾಡಿ ಮುಚ್ಚಿಟ್ಟರೆ ಸಾಲದು. ಬೇಸರವಾದರೂ ಆಗಾಗ ತೆರೆದು ನೋಡುತ್ತಿರಬೇಕು.