ಏಳು ಸಲ ಬಂದ ಸಾಲು

"ಗುರುಗಳೇ, ಹೊಸ ಹಾಡೊಂದನ್ನು ಕೇಳಿದ ಮೇಲೆ ಅದರ ಬಗ್ಗೆ ಅಭಿಪ್ರಾಯ ಹೇಳಲು ಎಷ್ಟು ಹೊತ್ತು ಕಾಯಬೇಕು?" ಎಂದು ಶಂಭುಲಿಂಗ ಕೇಳಿದ.

ಅವನು ಗುರುಗಳ ಬಳಿ ಸಂಗೀತ ಕಲಿಯುತ್ತಿದ್ದ ಶಿಷ್ಯ. ವಾರಕ್ಕೊಮ್ಮೆ ಪತ್ರಿಕೆಯೊಂದಕ್ಕೆ ಹೊಸ ಹಾಡುಗಳ ಬಗ್ಗೆ ಬರೆಯುತ್ತಿದ್ದ. ಸಿನಿಮಾ ಹಾಡು, ಭಾವಗೀತೆ, ಜನಪದ, ಹುಡುಗರು ಮಾತನ್ನೇ ತಾಳಕ್ಕೆ ಕೂರಿಸಿ ಹಾಡುವ ರ‍್ಯಾಪ್, ಯಾವುದನ್ನೂ ಬಿಡುತ್ತಿರಲಿಲ್ಲ. ಆ ವಾರ ಒಂಬತ್ತು ಹಾಡು ಹೊರಬಂದಿದ್ದವು. ಎಂಟರ ಬಗ್ಗೆ ಬರೆದಾಗಿತ್ತು. ಒಂಬತ್ತನೆಯದನ್ನು ಕೇಳಿದಾಗಿನಿಂದ ಪೆನ್ನು ಮುಂದೆ ಸಾಗಿರಲಿಲ್ಲ.

"ಚೆನ್ನಾಗಿದೆ ಎನ್ನಲೂ ಆಗುತ್ತಿಲ್ಲ, ಚೆನ್ನಾಗಿಲ್ಲ ಎನ್ನಲೂ ಆಗುತ್ತಿಲ್ಲ. ನನ್ನ ಕಿವಿಗೇ ಏನೋ ಆಗಿರಬೇಕು" ಎಂದ.

ಗುರುಗಳು ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಅವನಿಗೆ ಹಾಡೆಂದರೆ ಪ್ರಾಣ. ತಾನು ಎಂದೂ ಹಾಡಿದವನಲ್ಲ. ಕೇಳುವುದೇ ಅವನ ಕೆಲಸ. ಆ ಊರಿನಲ್ಲಿ ಯಾರು ಹೊಸ ಹಾಡು ಕಟ್ಟಿದರೂ ಮೊದಲು ಅವನ ಜಗಲಿಯಲ್ಲಿ ಹಾಡಬೇಕು. ಅವನು ಒಪ್ಪಿದ್ದನ್ನು ಒಪ್ಪಿದ ಹಾಗೆ ಮಾತ್ರ ಊರೊಳಗೆ ಹಾಡಬೇಕು. ಒಪ್ಪದ ಹಾಡು ಆ ವರ್ಷ ಊರಿನ ಎಲ್ಲೆಯೊಳಗೆ ಕೇಳಿಸುವಂತಿಲ್ಲ. ಹಿರಿಯರೆಲ್ಲ ಸೇರಿ ಮಾಡಿಕೊಂಡ ಕಟ್ಟಳೆ ಅದು.

ಅವನ ಕಿವಿ ಸಾಮಾನ್ಯದ್ದಲ್ಲ. ಕೀರ್ತನೆಕಾರನೊಬ್ಬನಿಗೆ, "ದೇವರ ಹೆಸರು ಇಪ್ಪತ್ತು ಸಲ ಬಂತು, ದೇವರು ಬರಲಿಲ್ಲ" ಎಂದಿದ್ದ. ಲಾವಣಿ ಹಾಡಿದವನಿಗೆ, "ಕಾಲು ಕುಣಿಯಿತು, ಎದೆ ಕೂತಲ್ಲೇ ಕೂತಿತ್ತು" ಎಂದಿದ್ದ. ಜೋಗುಳ ಹಾಡಿದ ತಾಯಿಗೆ, "ಇದನ್ನು ಕೇಳಿದರೆ ಮಗು ಏಳುತ್ತದಮ್ಮ" ಎಂದಿದ್ದ. ಬೈಸಿಕೊಂಡವರು ಮನೆಗೆ ಹೋಗಿ ಯೋಚಿಸಿದರೆ ಅವನು ಹೇಳಿದ್ದು ಸರಿಯೆಂದೇ ತೋರುತ್ತಿತ್ತು. ಹೇಳಿದ್ದನ್ನೆಲ್ಲ ಅವನು ದಿನ, ವಾರ, ಹಾಡಿದವರ ಹೆಸರಿನ ಸಮೇತ ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಮೂವತ್ತು ವರ್ಷಗಳಲ್ಲಿ ಏಳು ಪುಸ್ತಕ ತುಂಬಿದ್ದವು. ಬರೆದ ಒಂದು ಮಾತನ್ನೂ ಹೊಡೆದುಹಾಕಿರಲಿಲ್ಲ. ಅದು ಅವನ ಹೆಮ್ಮೆ.

ಕೇಳುವಾಗ ಅವನು ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹಾಡಿದವರ ಮುಖ, ಬಟ್ಟೆ, ಬಡತನ ಯಾವುದೂ ತನ್ನ ಕಿವಿಯನ್ನು ಕೆಡಿಸಬಾರದು ಎಂಬುದು ಅವನ ನೇಮ. ಸಾಕೆನಿಸಿದ ಕಡೆ ತೋರುಬೆರಳು ಮೇಲೇಳುತ್ತಿತ್ತು. ಬೆರಳೆದ್ದರೆ ಹಾಡು ನಿಲ್ಲಬೇಕು.

ಒಂದು ದಿನ ಬಾವಿ ತೋಡುವ ಹೆಂಗಸೊಬ್ಬಳು ಜಗಲಿಗೆ ಬಂದಳು. ಊರ ನಡುವೆ ಹೊಸ ಬಾವಿ ತೋಡಲು ಅವಳ ಮನೆಯವರನ್ನು ಕರೆಸಿದ್ದರು. ಅವರಲ್ಲಿ ಬಾವಿಗೊಂದು ಹಾಡು. ತೋಡುತ್ತ ಹೋದಂತೆ ಹಾಡೂ ಬೆಳೆಯುತ್ತದೆ. ಒಂದು ಮಾರು ಆಳಕ್ಕೆ ಒಂದು ಸಾಲು. ಅಷ್ಟರಲ್ಲಿ ಹದಿನೆಂಟು ಮಾರು ತೋಡಿಯಾಗಿತ್ತು.

ಅವಳು ಹಾಡಿದಳು. ಮೊದಲ ಸಾಲಿನಲ್ಲಿ ಕೆಮ್ಮಣ್ಣು ಬಂತು, ಆಮೇಲೆ ಗರಸು, ಬಿಳಿ ಜೇಡಿ, ಯಾವ ಮರದ್ದೆಂದು ತಿಳಿಯದ ಒಂದು ಬೇರು. ವರ್ತಕನ ತಲೆ ತೂಗುತ್ತಿತ್ತು. ಹನ್ನೊಂದು ಸಾಲು ಆದ ಮೇಲೆ ಅವಳು, "ಇದ್ದೀಯೇನೇ ತಾಯಿ, ಬಂದೆನೇ ಬಂದೆ" ಎಂದಳು. ಮತ್ತೆ ಅದನ್ನೇ ಹಾಡಿದಳು. ಹೀಗೆ ಏಳು ಸಲ.

"ಹನ್ನೊಂದು ಸಾಲು ಬಂಗಾರ" ಎಂದ ವರ್ತಕ. "ಆಮೇಲೆ ಒಂದೇ ಮಾತನ್ನು ಏಳು ಸಲ ತೇಯ್ದಿದ್ದೀಯ. ಅದನ್ನು ಕಡಿದುಹಾಕು."

"ಅಲ್ಲಿ ಬಂಡೆ ಬಂತು ಯಜಮಾನರೇ. ಏಳು ಮಾರೂ ಒಂದೇ ಬಂಡೆ. ಬೇರೆ ಮಾತು ಎಲ್ಲಿಂದ ತರಲಿ?"

"ಬಂಡೆ ಬಂದರೆ ಕವಿಯಾದವನು ಸುತ್ತಿಕೊಂಡು ಹೋಗುತ್ತಾನಮ್ಮ."

"ಹೋಗಲಿ ಬಿಡಿ, ಅವನಿಗೆ ದಾರಿ ಇದೆ. ಬಾವಿಗಿಳಿಯುವ ನನ್ನ ತಮ್ಮನಿಗೆ ಇಲ್ಲ. ಸಾಲು ಹೇಳಿದರೆ ಮಾತ್ರ ಹಗ್ಗ ಇಳಿಯುತ್ತದೆ. ಏಳು ಸಾಲು ಕಡಿದರೆ ಅವನು ಏಳು ಮಾರು ಮೇಲೆ ನೇತಾಡುತ್ತಾನೆ."

ವರ್ತಕ ನಕ್ಕ. ಹಾಡಿಲ್ಲದೆ ಬೀಸುವ ಕಲ್ಲು ತಿರುಗುವುದಿಲ್ಲ ಎಂದವರನ್ನೂ ಹಾಡಿಲ್ಲದೆ ದೋಣಿ ಸಾಗುವುದಿಲ್ಲ ಎಂದವರನ್ನೂ ಅವನು ಬೇಕಾದಷ್ಟು ಕಂಡಿದ್ದ. ತನ್ನ ಹಾಡಿನ ಬಗ್ಗೆ ಯಾರು ತಾನೇ ಕಡಿಮೆ ಹೇಳಿಕೊಳ್ಳುತ್ತಾರೆ? ಪುಸ್ತಕದಲ್ಲಿ, "ಹನ್ನೊಂದಕ್ಕೆ ನಿಲ್ಲಿಸತಕ್ಕದ್ದು. ಉಳಿದದ್ದು ಹೇಳಿದ್ದನ್ನೇ ಹೇಳಿದ್ದು" ಎಂದು ಬರೆದ.

ಅವಳು ಎದ್ದು ನಿಂತಳು. "ನಾಳೆ ಬೆಳಿಗ್ಗೆ ಬಾವಿಯ ಹತ್ತಿರ ಬನ್ನಿ. ಎಲ್ಲಿ ಕಡಿಯಬೇಕೋ ಅಲ್ಲಿ ನೀವೇ ಕಡಿಯಿರಿ" ಎಂದು ಹೇಳಿ ಹೋದಳು.

ವರ್ತಕ ಹೋದ. ಕರೆದಲ್ಲಿಗೆ ಹೋಗದೆ ಇರುವುದು ಅವನಿಗೆ ಅವಮಾನವಾಗಿ ಕಂಡಿತು. ಊರ ಜನ ದಾರಿ ಬಿಟ್ಟು, ಬಾವಿಯ ಪಕ್ಕದಲ್ಲಿ ಕೂರಲು ಕಲ್ಲೊಂದನ್ನು ತೋರಿಸಿದರು. ಅವನು ಪುಸ್ತಕ ತೆರೆದು ತೊಡೆಯ ಮೇಲಿಟ್ಟುಕೊಂಡ. ಎಂದಿನಂತೆ ಕಣ್ಣು ಮುಚ್ಚಿದ.

ಹಾಡು ಶುರುವಾಯಿತು. ಕೆಮ್ಮಣ್ಣು ಬಂತು, ಗರಸು ಬಂತು, ಜೇಡಿ ಬಂತು. ಜಗಲಿಯಲ್ಲಿ ಕೇಳಿದ್ದಕ್ಕಿಂತ ಇಂದು ಲಯ ಬಿಗಿಯಾಗಿದೆ ಎಂದು ಅವನು ಮನಸ್ಸಿನಲ್ಲೇ ಗುರುತು ಮಾಡಿಕೊಂಡ. ಹನ್ನೊಂದನೆಯ ಸಾಲು ಮುಗಿಯಿತು. ಮೂವತ್ತು ವರ್ಷದ ರೂಢಿ. ಬೆರಳು ತಾನಾಗಿ ಮೇಲೆದ್ದಿತು.

ಹಾಡು ನಿಂತಿತು.

ನಿಂತ ಮೇಲೆ ಯಾರೂ ಕೆಮ್ಮಲಿಲ್ಲ, ಯಾರೂ ಮಾತಾಡಲಿಲ್ಲ. ಅಂಥ ಮೌನವನ್ನು ಅವನು ತನ್ನ ಜಗಲಿಯಲ್ಲಿ ಎಂದೂ ಕೇಳಿರಲಿಲ್ಲ. ಕಣ್ಣು ತೆರೆದ.

ನಾಲ್ವರು ಹಗ್ಗ ಹಿಡಿದು ನಿಂತಿದ್ದರು. ಹಗ್ಗ ರಾಟೆಯ ಮೇಲೆ ಹಾದು ಬಾವಿಯ ಕತ್ತಲೆಗೆ ಇಳಿದಿತ್ತು. ಅದರ ತುದಿಯ ಕುಣಿಕೆಯಲ್ಲಿ ಕಾಲಿಟ್ಟು ಅವಳ ತಮ್ಮ ನೇತಾಡುತ್ತಿದ್ದ. ಸಾಲು ಹೇಳುವಾಗ ನಾಲ್ವರೂ ಒಟ್ಟಿಗೆ ಹಗ್ಗ ಬಿಡಬೇಕು, ಸಾಲು ಮುಗಿದಾಗ ಒಟ್ಟಿಗೆ ಬಿಗಿ ಹಿಡಿಯಬೇಕು. ಒಬ್ಬನ ಕೈ ಮುಂದಾದರೂ ಕೆಳಗಿನವನ ತಲೆ ಬಂಡೆಗೆ ಬಡಿಯುತ್ತದೆ. ಸಾಲು ಇಲ್ಲದೆ ಬಿಡುವಂತಿಲ್ಲ, ಸಾಲು ಇಲ್ಲದೆ ಎಳೆಯುವಂತೆಯೂ ಇಲ್ಲ. ನಾಲ್ವರ ತೋಳುಗಳೂ ನಡುಗುತ್ತಿದ್ದವು. ಕೊನೆಯಲ್ಲಿದ್ದ ಮುದುಕನ ಮೊಣಕಾಲು ಬಾಗುತ್ತಿತ್ತು.

"ಇಲ್ಲಿಗೆ ಕಡಿದಿರಿ ಯಜಮಾನರೇ" ಎಂದಳು ಹೆಂಗಸು. "ನನ್ನ ತಮ್ಮ ಇಲ್ಲಿದ್ದಾನೆ."

ವರ್ತಕ ಬಾಯಿ ತೆರೆದ. "ಹಾಡು" ಎಂದು ಹೇಳಬೇಕಾಗಿತ್ತು, ಅಷ್ಟೇ.

ಆಗ ಬಾವಿಯೊಳಗಿಂದ ದನಿ ಬಂತು.

"ಇದ್ದೀಯೇನೇ ತಾಯಿ, ಬಂದೆನೇ ಬಂದೆ."

ಅಕ್ಕ ನಿಲ್ಲಿಸಿದ ಹಾಡನ್ನು ತಮ್ಮ ಎತ್ತಿಕೊಂಡಿದ್ದ. ಹಗ್ಗ ಒಂದು ಮಾರು ಇಳಿದು ನಿಂತಿತು.

ಮತ್ತೆ ಅದೇ ಸಾಲು. ಮೊದಲ ಸಲ ಅದು ಒಬ್ಬ ಗಂಡಸಿನ ದನಿ ಮಾತ್ರ ಆಗಿತ್ತು. ಈ ಸಲ ಬಂಡೆಯೂ ದನಿಗೂಡಿಸಿತು. ಮೂರನೆಯ ಸಲ ಎಷ್ಟು ಮನುಷ್ಯನದು, ಎಷ್ಟು ಕಲ್ಲಿನದು ಎಂದು ಬಿಡಿಸಿ ಹೇಳಲು ಆ ಕಿವಿಗೂ ಆಗಲಿಲ್ಲ. ನಾಲ್ಕನೆಯದು ಕಿವಿಗೆ ಬರುವ ಮೊದಲು ಅಂಗಾಲಿಗೆ ಬಂತು. ಐದನೆಯ ಸಲಕ್ಕೆ ನೆರೆದವರಲ್ಲಿ ಕೆಲವರು ತಮಗೆ ತಿಳಿಯದಂತೆಯೇ ಪಾದರಕ್ಷೆ ಕಳಚಿದ್ದರು. ಆರನೆಯದು ಎಷ್ಟೋ ದೂರದಿಂದ ಬಂತು. ಈ ಮಾತು ಈ ನೆಲದಲ್ಲಿ ಊರು ಹುಟ್ಟುವ ಮೊದಲಿನಿಂದಲೂ ಇತ್ತು, ಯಾರೋ ಬಂದು ಮುಟ್ಟಲಿ ಎಂದು ಕಾದಿತ್ತು ಎನ್ನುವ ಹಾಗಿತ್ತು. ಒಂದಕ್ಷರವೂ ಬದಲಾಗಿರಲಿಲ್ಲ. ಒಂದು ಸಾಲೂ ಇನ್ನೊಂದರಂತೆ ಇರಲಿಲ್ಲ. ಇಂಥದನ್ನು ತಾನು ಹೇಳಿದ್ದನ್ನೇ ಹೇಳಿದ್ದು ಎಂದು ಬರೆದಿದ್ದೆ ಎಂಬುದು ವರ್ತಕನಿಗೆ ನೆನಪಾಯಿತು. ನಾಚಿಕೆಪಡಲು ಸಹ ಅವನಿಗೆ ಹೊತ್ತಿರಲಿಲ್ಲ. ಅವನ ಮೈಯೆಲ್ಲ ಕಿವಿಯಾಗಿತ್ತು.

ಏಳನೆಯ ಸಾಲು ಮುಗಿಯಿತು. ಹಗ್ಗ ಹಗುರವಾಯಿತು. ಅವಳು ಬಾವಿಯ ಅಂಚಿಗೆ ಬಾಗಿ ತಮ್ಮನ ಹೆಸರು ಹಿಡಿದು ಕೂಗಿದಳು. "ಇಳಿದೆ ಅಕ್ಕಾ, ಕಾಲು ಒದ್ದೆಯಾಗುತ್ತಿದೆ" ಎಂದು ಕೆಳಗಿನಿಂದ ಉತ್ತರ ಬಂತು.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ಕೇಳಿದ: "ಗುರುಗಳೇ, ಆ ಏಳು ಸಾಲುಗಳ ಬಗ್ಗೆ ವರ್ತಕ ಅಲ್ಲಿ ಕೂತು ಏನು ಬರೆದ?"

"ಕೂತಿದ್ದನೆಂದು ಯಾರು ಹೇಳಿದರಪ್ಪ, ಅವನು ಆ ಮುದುಕನ ಜಾಗದಲ್ಲಿ ಎರಡೂ ಕೈಯಿಂದ ಹಗ್ಗ ಹಿಡಿದು ನಿಂತಿದ್ದ."